ನರ್ಸರಿಗೆ ಸೇರಿಸುವ ಮುಂಚೆ ಮಗುವಿನ ಸುರಕ್ಷತೆಗೆ ಏನೇನು ನೋಡಬೇಕು?

ಎರಡೂವರೆ ವರ್ಷದ ಮಗಳನ್ನು ನರ್ಸರಿಗೆ ಬಿಡಲು ಭಯ, ಏನು ನೋಡಬೇಕು ಅಂತ ಕೇಳಿದ್ದೀರಿ. ಗೇಟು, ಸಿಸಿಟಿವಿ ಎಲ್ಲ ಬೇಕು, ನಿಜ. ಆದರೆ ನಾನು ಮೊದಲು ನೋಡುವುದು ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಅನ್ನುವುದನ್ನು. ಮಕ್ಕಳು ಮನೆಗೆ ಹೊರಡುವ ಹೊತ್ತಿಗೆ ಬಾಗಿಲ ಹತ್ತಿರ ಸುಮ್ನೆ ಐದು ನಿಮಿಷ ನಿಂತುಕೊಳ್ಳಿ. ‘ನಾನು ಇವಳ ಚಿಕ್ಕಪ್ಪ’ ಅಂತ ಹೊಸಬರು ಬಂದರೆ ಟೀಚರ್ ಪಟ್ಟಿ ನೋಡಿ, ಅಮ್ಮನಿಗೆ ಫೋನ್ ಮಾಡುತ್ತಾರಾ? ಮಗು ನಗುತ್ತಾ ಓಡಿಹೋಗಿ ಅವರನ್ನು ಅಪ್ಪಿಕೊಂಡರೂ ಇದನ್ನು ಬಿಡಬಾರದು.

ಈ ವಯಸ್ಸಿನ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ ಅಲ್ವಾ? ಇಡೀ ದ್ರಾಕ್ಷಿ ಗಂಟಲಲ್ಲಿ ಬಿರಡೆಯ ಹಾಗೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು. ಆಟಿಕೆಯ ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆಲ್ಲ ಸುಡಬಹುದು. ಬಕೆಟ್‌ನಲ್ಲಿ 5 ಸೆಂ.ಮೀ. ನೀರಿದ್ದರೂ ಪುಟ್ಟ ಮಗು ಮುಳುಗಬಹುದು, ಅದೂ ಸದ್ದಿಲ್ಲದೆ.

ದೌರ್ಜನ್ಯದ ವಿಷಯ ಮಾತಾಡೋದಕ್ಕೇ ಕಷ್ಟ, ಆದರೂ ಕೇಳಲೇಬೇಕು. ಜಾಸ್ತಿ ಸಲ ಅದು ಪರಿಚಯದವರಿಂದಲೇ ಆಗುತ್ತದೆ. ಕೆಲಸಕ್ಕೆ ಸೇರಿಸುವ ಮುಂಚೆ ಸಿಬ್ಬಂದಿಯ ಹಿನ್ನೆಲೆ ವಿಚಾರಿಸುತ್ತಾರಾ? ಬಟ್ಟೆ ಬದಲಿಸುವ ಜಾಗ ಬೇರೆ ಸಿಬ್ಬಂದಿಯ ಕಣ್ಣಿಗೆ ಬೀಳುತ್ತದಾ? ಮಗು ಏನಾದರೂ ಹೇಳಿದರೆ ‘ಅವರು ಹೊಡೆದರಾ?’ ಅಂತ ನಾವೇ ಉತ್ತರ ಕೊಡಬಾರದು. ‘ಆಮೇಲೆ ಏನಾಯ್ತು?’ ಅಂದರೆ ಸಾಕು. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಲೂಬಾರದು. ಮಗು ಆಡಿದ ಮಾತನ್ನು ಹಾಗೇ, ದಿನ ಮತ್ತು ಹೊತ್ತಿನ ಜೊತೆ ಬರೆದು, ಅವತ್ತೇ ಮಕ್ಕಳ ರಕ್ಷಣೆಯ ಜವಾಬ್ದಾರಿ ಇರುವವರಿಗೆ ಮುಟ್ಟಿಸಬೇಕು. ಆ ಜವಾಬ್ದಾರಿ ಯಾರದ್ದು ಅಂತ ನರ್ಸರಿಯಲ್ಲಿ ನೀವು ಕೇಳಿದ ತಕ್ಷಣ ಒಂದು ಹೆಸರು ಬರಬೇಕು.