ಮನೇಲಿ ಬೆಳೆದ ಜಿನ್ನಿಯಾ, ಡೇಲಿಯಾ, ಗುಲಾಬಿ ಹೂವು ಹನ್ನೊಂದು ಗಂಟೆಗೆ ಅಡುಗೆ ಮುಗಿಸಿ ಕುಯ್ದು ವಾಸ್‌ಗೆ ಹಾಕಿದ್ರೆ ಸಂಜೆಗೇ ಕತ್ತು ಬಗ್ಗಿಸ್ತವೆ, ಜೋಡಿಸೋದು ತಪ್ಪಾಗ್ತಿದ್ಯಾ?

ಜೋಡಿಸೋದ್ರಲ್ಲಿ ತಪ್ಪೇನಿಲ್ಲ ಕಣ್ರೀ, ಕುಯ್ಯೋ ಹೊತ್ತು ತಪ್ಪು. ಜಿನ್ನಿಯಾ, ಡೇಲಿಯಾ, ಗುಲಾಬಿ ಎಲ್ಲಾ ಹನ್ನೊಂದು ಗಂಟೆಗೆ ಅಡುಗೆ ಮುಗಿಸಿ ಕುಯ್ತೀನಿ ಅಂದ್ರಲ್ಲ, ಆ ಬಿಸಿಲಿಗೆ ಗಿಡದಲ್ಲೇ ನೀರು ಕಮ್ಮಿ ಆಗಿರತ್ತೆ, ಆಮೇಲೆ ನೀವು ನೀರಲ್ಲಿಟ್ರೂ ಅದು ಸುಲಭಕ್ಕೆ ಸುಧಾರಿಸ್ಕೊಳಲ್ಲ.

ನಾನಿರೋದು ಮೈಸೂರು ಕುವೆಂಪುನಗರದಲ್ಲಿ, ಬೆಳಗ್ಗೆ ಆರೂವರೆ ಒಳಗೆ ಕುಯ್ದುಬಿಡ್ತೀನಿ. ತಂಪು ಹೊತ್ತು ಅಂತ ಸಂಜೆನೂ ಕುಯ್ಯಬಹುದು, ಆದ್ರೆ ದೀಪ ಹಚ್ಚಿದ್ಮೇಲೆ ಗಿಡ ಮುಟ್ಟಬಾರ್ದು ಅಂತಾರೆ ನಮ್ಮತ್ತೆ, ಹಂಗಾಗಿ ನಂದು ಬೆಳಗ್ಗೆನೇ. ಗಿಡದ ಹತ್ರಕ್ಕೇ ಬಕೆಟ್‌ನಲ್ಲಿ ನೀರು ತಗೊಂಡೋಗಿ, ಕುಯ್ದ ತಕ್ಷಣ ಅದರೊಳಗೆ ಇಳಿಸಿ, ಎರಡು ಮೂರು ಗಂಟೆ ನೆರಳಲ್ಲಿ ಹಂಗೇ ಬಿಡಿ. ವಾಸ್ ಆಮೇಲೆ.

ಜಿನ್ನಿಯಾಗೆ ಒಂದು ಪರೀಕ್ಷೆ ಇದೆ. ಹೂವಿಂದ ಒಂದು ಗೇಣು ಕೆಳಗೆ ದಂಟು ಹಿಡಿದು ಮೆಲ್ಲಗೆ ಅಲ್ಲಾಡಿಸಿ. ತಲೆ ತೂಗಾಡಿದ್ರೆ ಇನ್ನೂ ಬಲಿತಿಲ್ಲ, ಕುಯ್ದ್ರೆ ಅರಳಲ್ಲ, ನಿಲ್ಲೋದೂ ಇಲ್ಲ. ಕಡ್ಡಿ ತರ ನೆಟ್ಟಗೆ ನಿಂತ್ರೆ ಕುಯ್ಯಿ. ಡೇಲಿಯಾ ಪೂರ್ತಿ ಅರಳಿದ್ಮೇಲೇ ಕುಯ್ಯಬೇಕು, ಮೊಗ್ಗು ಕುಯ್ದ್ರೆ ಮೊಗ್ಗಾಗೇ ಒಣಗತ್ತೆ. ಗುಲಾಬಿ ಉಲ್ಟಾ, ಎಸಳು ಬಿಡಿಸ್ಕೊಳೋಕೆ ಶುರು ಮಾಡಿದಾಗಲೇ. ದಾಸವಾಳ ಬೇಡ, ಅದರ ಆಯಸ್ಸೇ ಒಂದು ದಿನ, ದೇವರಿಗೆ ಏರಿಸಿ.

ದಂಟು ಓರೆಯಾಗಿ ಕತ್ತರಿಸಿ, ಇಲ್ಲಾಂದ್ರೆ ವಾಸ್ ತಳಕ್ಕೆ ಅಂಟ್ಕೊಂಡು ನೀರು ಎಳ್ಯಲ್ಲ. ನೀರೊಳಗೆ ಒಂದು ಎಲೆನೂ ಇರಬಾರ್ದು. ನಂದು ಒಂದ್ಸಲ ಮೂರನೇ ದಿನಕ್ಕೆ ನೀರು ಕೊಚ್ಚೆ ವಾಸನೆ ಬಂದು, ದಂಟು ಮುಟ್ಟಿದ್ರೆ ಲೋಳೆ ಲೋಳೆ, ನೋಡಿದ್ರೆ ಒಳಗೆ ನಾಲ್ಕು ಎಲೆ ಕೊಳ್ತಿತ್ತು, ಆ ಬ್ಯಾಕ್ಟೀರಿಯಾನೇ ದಂಟಿನ ಬಾಯಿ ಮುಚ್ಚೋದು. ಈಗ ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ತುದಿ ಅರ್ಧ ಇಂಚು ಮತ್ತೆ ಕತ್ತರಿಸ್ತೀನಿ. ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು ಹಿಂಡಿದ್ರೆ ಇನ್ನೂ ಒಳ್ಳೇದು, ಆದ್ರೆ ಹಿತ್ತಾಳೆ ಚೊಂಬಲ್ಲಿ ಇಡೋದಾದ್ರೆ ನಿಂಬೆ ಬೇಡ.

ಜೋಡಿಸೋದು ಅಂದ್ರೆ, ನಂಗೆ ದೊಡ್ಡ ಬಾಯಿ ವಾಸ್ ಆಗ್ಬರಲ್ಲ, ಹೂವೆಲ್ಲಾ ಅಂಚಿಗೆ ಬಿದ್ಬಿಡ್ತವೆ. ಬಾಯಿಗೆ ಸೆಲ್ಲೋಟೇಪ್ ಅಡ್ಡ ಉದ್ದ ಜಾಲರಿ ತರ ಅಂಟಿಸಿದ್ರೆ ಒಂದೊಂದು ಕಿಂಡೀಲಿ ಒಂದೊಂದು ಹೂವು ನಿಲ್ಲತ್ತೆ. ಸೊಪ್ಪಿಗೆ ಕಾಮಕಸ್ತೂರಿ ತೆನೆ ಇಡಿ, ಪಕ್ಕದಲ್ಲಿ ಓಡಾಡಿದ್ರೂ ಘಮ್ ಅನ್ನತ್ತೆ. ಡೈನಿಂಗ್ ಟೇಬಲ್ ಮೇಲೆ ರಸಬಾಳೆ ಚಿಪ್ಪಿನ ಪಕ್ಕ ಮಾತ್ರ ವಾಸ್ ಇಡಬೇಡಿ, ಹಣ್ಣಾಗೋ ಬಾಳೆ ಬಿಡೋ ಎಥಿಲೀನ್ ಗ್ಯಾಸಿಗೆ ಹೂವು ಬೇಗ ಉದುರತ್ತೆ.

ಜಾಗ ಇದ್ರೆ ನಾಲ್ಕು ಸುಗಂಧರಾಜ ಗೆಡ್ಡೆ ಹಾಕಿ. ಕೆಳಗಿನ ಎರಡು ಹೂವು ಬಿರಿದಾಗ ಕುಯ್ದು, ಬಾಡಿದ್ದನ್ನ ಕೆಳಗಿಂದ ಚಿವುಟ್ತಾ ಹೋದ್ರೆ ಮೇಲಿನ ಮೊಗ್ಗುಗಳು ಒಂದೊಂದಾಗಿ ಬಿರೀತಾ ಇರ್ತವೆ.