‘ಬಂತು’, ‘ಬಂದಳು’, ‘ಬರುತ್ತೇನೆ’: ಕಥೆಗಾರ್ತಿಯೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಬೆಂಗಳೂರಿನಲ್ಲಿ ಜೊತೆಯಾಗಿ ಬಾಳುತ್ತಿರುವ ಇಬ್ಬರು ಹೆಂಗಸರ, ಅಂದರೆ ಶಿರಸಿ ಸೀಮೆಯ ಹವ್ಯಕ ಮನೆಯ ಹುಡುಗಿ ಹಾಗೂ ಲಖನೌದಿಂದ ಬಂದ ಅವಳ ಸಂಗಾತಿಯ ಕಥೆಯನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ.

ನಾಯಕಿ ತಾಯಿಗೆ ಫೋನಿನಲ್ಲಿ ಲೆಸ್ಬಿಯನ್, ಬುಚ್ (ಗಂಡುನಡೆಯ ಲೆಸ್ಬಿಯನ್), ಕ್ವಿಯರ್ ಎಂಬ ಪದಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗವನ್ನು ತೆಗೆಯಿರಿ. ಆ ಪದಗಳ ಬಗ್ಗೆ ನನಗೆ ತಕರಾರಿಲ್ಲ. ಅವುಗಳ ಮೂಲಕವೇ ತಮ್ಮನ್ನು ಗುರುತಿಸಿಕೊಂಡು ಧೈರ್ಯ ಪಡೆದವರು ಬಹಳ ಮಂದಿ ಇದ್ದಾರೆ. ಆದರೆ ಅಲ್ಲಿ ಮಾತನಾಡುತ್ತಿರುವುದು ಮಗಳಲ್ಲ, ಲೇಖನ.

ನಿಮ್ಮ ಕಥೆಯ ಜೀವ ಇರುವುದು ಮೂರನೆಯ ಪುಟದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಪ್ರಸಂಗದಲ್ಲಿ. ಅವಳ ಮನೆಮಾತಾದ ಹವ್ಯಕ ಕನ್ನಡದಲ್ಲಿ ಮಾಣಿ, ಅಂದರೆ ಹುಡುಗ, ‘ಬಂದ’; ಕೂಸು, ಅಂದರೆ ಹುಡುಗಿ, ‘ಬಂತು’; ತಾಯಿಯಾದ ಆಯಿಯೂ ‘ಬಂತು’, ಅಕ್ಕನೂ ‘ಬಂತು’. ಹೀಗೆ ಹೆಣ್ಣಿಗೆ ನಪುಂಸಕಲಿಂಗದ ಕ್ರಿಯಾಪದವನ್ನೇ ಕೇಳುತ್ತ ಬೆಳೆದ ಹುಡುಗಿಯ ನೋಟುಬುಕ್ಕಿನಲ್ಲಿ ‘ಅಕ್ಕ ಬಂತು’ ಎಂಬುದನ್ನು ಶಾಲೆಯ ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಬಂದಳು’ ಎಂದು ತಿದ್ದಿದಾಗ, ಅಳತೆಗೆ ಒಗ್ಗದ ರವಿಕೆ ತೊಡಿಸಿದಂತೆ ಅವಳಿಗೆ ಅನಿಸಿತೆಂದು ಬರೆದಿದ್ದೀರಿ. ದಯವಿಟ್ಟು ಅಲ್ಲಿ ನಿಲ್ಲಿ. ಆದರೆ ‘ಬಂತು’ ಎಂಬುದನ್ನೇ ಬಿಡುಗಡೆಯೆಂದು ಕೊಂಡಾಡಬೇಡಿ. ಹಾಗೆ ಕರೆದ ಮನೆಯೇ ಗಂಡು ಹುಡುಕಲೆಂದು ಅವಳ ಜಾತಕವನ್ನೂ ಹೊರಗೆ ಹಾಕಿತ್ತಲ್ಲವೇ?

ಲಖನೌದ ಸಂಗಾತಿಯ ಮಾತಿನಲ್ಲಿ ಒಂದು ದೋಷವಿದೆ. ಅವಳು ತನ್ನೊಬ್ಬಳ ಬಗ್ಗೆಯೇ ಹಿಂದಿಯಲ್ಲಿ, ಪುಲ್ಲಿಂಗದ ಬಹುವಚನದಲ್ಲಿ, ‘ಹಮ್ ಆ ರಹೇ ಹೈಂ’ (ನಾವು ಬರುತ್ತಿದ್ದೇವೆ) ಎನ್ನುವುದನ್ನು ಅವಳ ಗಂಡುತನದ ಗುರುತಾಗಿ ತೋರಿಸಿದ್ದೀರಿ. ಆ ಸೀಮೆಯಲ್ಲಿ ಎಷ್ಟೋ ಹೆಂಗಸರು ತಮ್ಮ ಬಗ್ಗೆ ಹಾಗೆಯೇ ಹೇಳಿಕೊಳ್ಳುತ್ತಾರೆ. ಅದನ್ನು ಕೇಳಿ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ‘ಹಮ್’ ಬಿಟ್ಟು, ಗಂಡಸು ‘ನಾನು ಬರುತ್ತಿದ್ದೇನೆ’ ಎನ್ನುವಂತೆ, ‘ಮೈಂ ಆ ರಹಾ ಹೂಂ’ ಎಂದು ಅವಳು ಮೊದಲ ಬಾರಿ ಯಾರೆದುರು ಹೇಳಿದಳು, ಕೇಳಿದವರು ಏನು ಮಾಡಿದರು ಎಂಬುದು ನಮಗೆ ಬೇಕು. ‘ಮೈಂ’ ಎಂದೊಡನೆ ಗಂಡಿನ ‘ರಹಾ’ ಅಥವಾ ಹೆಣ್ಣಿನ ‘ರಹೀ’ ಎಂದು ಆಯ್ದುಕೊಳ್ಳಲೇಬೇಕಾದ ಭಾಷೆಯಿಂದ ಬಂದವಳು, ತರಕಾರಿ ಅಂಗಡಿಯಲ್ಲಿ ತಡವರಿಸುತ್ತ ‘ನಾನು ನಾಳೆ ಬರ್ತೀನಿ’ ಎನ್ನುತ್ತಾಳೆ. ಆ ವಾಕ್ಯದಲ್ಲಿ ಅವಳು ಹೆಣ್ಣೋ ಗಂಡೋ ಎಂದು ಕನ್ನಡ ಕೇಳುವುದೇ ಇಲ್ಲ. ಅಂಗಡಿಯವನು ಮಾತ್ರ ಅವಳ ಕತ್ತರಿಸಿದ ಕೂದಲು ನೋಡಿ ಮೊದಲು ‘ಅಣ್ಣಾ’ ಎಂದು, ದನಿ ಕೇಳಿದ ಮೇಲೆ ಗಲಿಬಿಲಿಗೊಂಡು ‘ಅಕ್ಕಾ’ ಎನ್ನುತ್ತಾನೆ. ತನ್ನ ಬಾಯಲ್ಲಿ ಸಿಕ್ಕ ನೆಮ್ಮದಿ ಇನ್ನೊಬ್ಬರ ಬಾಯಲ್ಲಿ ಕ್ಷಣಮಾತ್ರದಲ್ಲಿ ಕಳೆದುಹೋಗುವ ಈ ಪ್ರಸಂಗವನ್ನು ನೀವು ತಮಾಷೆಗೆಂದು ಇಟ್ಟಿದ್ದೀರಿ. ನನ್ನ ಪ್ರಕಾರ ಕಥೆ ಇದರ ಸುತ್ತಲೇ ಬೆಳೆಯಬೇಕು.

ನಿರೂಪಣೆಯುದ್ದಕ್ಕೂ ಆ ಸಂಗಾತಿಯನ್ನು ‘ಅವರು’ ಎಂದಿರುವುದರಿಂದ ಲಿಂಗದ ಪ್ರಶ್ನೆಯೇನೋ ತಪ್ಪಿತು, ಜೊತೆಗೆ ಸಲಿಗೆಯೂ ಹೋಯಿತು. ಹಾಸಿಗೆ ಹಂಚಿಕೊಂಡವಳ ಬಗ್ಗೆ ಹೆಡ್ಮಾಸ್ತರರ ಬಗ್ಗೆ ಮಾತನಾಡಿದ ಹಾಗೆ ಕೇಳಿಸುತ್ತದೆ. ನಾಯಕಿಯೇ ‘ನಾನು’ ಎಂದು ಕಥೆ ಹೇಳಿ, ಸಂಗಾತಿಯನ್ನು ‘ನೀನು’ ಎಂದು ಮಾತನಾಡಿಸಲಿ. ‘ನೀನು ಬಂದೆ’ ಎಂಬಲ್ಲಿಯೂ ಲಿಂಗ ತೋರಿಸಬೇಕಾಗಿಲ್ಲ, ಪ್ರೀತಿಗೂ ಅದು ಹತ್ತಿರ.

2024ರಲ್ಲಿ ಅವರಿಬ್ಬರ ಮದುವೆ ನೋಂದಣಿಯಾಗುವ ಕೊನೆಯ ದೃಶ್ಯ ನಿಲ್ಲುವುದಿಲ್ಲ. 2018ರ ಸೆಪ್ಟೆಂಬರ್ 6ರ ತೀರ್ಪು ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತಾದರೂ, ಅಂಥ ಮದುವೆಗೆ ಮಾನ್ಯತೆ ನೀಡಲು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ನಿರಾಕರಿಸಿದೆ. ಆ ದೃಶ್ಯದ ಬದಲು ಸಂಗಾತಿಯನ್ನು ಶಿರಸಿಯ ಮನೆಗೆ ಒಮ್ಮೆ ಕರೆದೊಯ್ಯಿರಿ. ಅವಳು ಜಗಲಿ ಹತ್ತಿದಾಗ ಆಯಿ ಒಳಗಿನವರಿಗೆ ‘ಬಂತು’ ಎನ್ನುತ್ತಾಳೋ ‘ಬಂದ’ ಎನ್ನುತ್ತಾಳೋ ಎಂಬುದನ್ನು ನೀವೇ ತೀರ್ಮಾನಿಸಿ, ತಿದ್ದಿದ ಪ್ರತಿಯನ್ನು ನನಗೇ ಕಳುಹಿಸಿ.

ವಿಶ್ವಾಸಪೂರ್ವಕ,
ಸಂಪಾದಕ