ಕನ್ಸಾಸ್‌ನ ಸಣ್ಣ ಊರಿಗೆ ಬರುವ ಮುಂಚೆ

ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗದವರು, ಡಾಕ್ಟರ್, ಡೆಟ್ರಾಯಿಟ್‌ನಲ್ಲಿ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಮುಗಿಸುತ್ತಿದ್ದೀರಿ. ವೀಸಾ ವೇವರ್‌ಗೆ, ಅಂದರೆ ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆದು ಡಾಕ್ಟರು ಕಡಿಮೆ ಇರುವ ಊರಲ್ಲಿ ದುಡಿಯುವುದಕ್ಕೆ, ಪಶ್ಚಿಮ ಕನ್ಸಾಸ್‌ನ ಒಂದು ಪುಟ್ಟ ಆಸ್ಪತ್ರೆ ಒಪ್ಪಿದೆ. ಊರಲ್ಲಿ ಇರುವುದು 800 ಜನ. ಸೆನ್ಸಸ್ ಪಟ್ಟಿ ನೋಡಿ ಗಾಬರಿಯಾಗಿದ್ದೀರಿ. ಶೇಕಡಾ 90 ಬಿಳಿಯರು, 14 ಹಿಸ್ಪ್ಯಾನಿಕ್ (ಮೆಕ್ಸಿಕೋ ಮುಂತಾದ ಸ್ಪ್ಯಾನಿಷ್ ನಾಡುಗಳ ಮೂಲದವರು), ಏಷ್ಯನ್ ಬರೀ 0.4. "ಈ 0.4 ಅಂದರೆ ಮೂರು ಜನ. ಅವರು ಯಾರು? ನಮ್ಮನ್ನು ಹೇಗೆ ನೋಡುತ್ತಾರೆ? ಗಂಡನಿಗೆ ಕೆಲಸ, ಮಗಳಿಗೆ ಸ್ಕೂಲು, ನಮಗೆ ಸೊಪ್ಪು ತರಕಾರಿ ಸಿಗುತ್ತಾ?" ಅಂತ ಕೇಳಿದ್ದೀರಿ.

ತರಕಾರಿ ಚಿಂತೆ ಬಿಡಿ. ಕೊತ್ತಂಬರಿ, ಹಸಿಮೆಣಸಿನಕಾಯಿ, ನಿಂಬೆಹಣ್ಣು ಧಾರಾಳವಾಗಿ ಸಿಗುತ್ತದೆ. ಅದಕ್ಕೆ ಮೆಕ್ಸಿಕೋದವರಿಗೆ ಕೈ ಮುಗಿಯಬೇಕು. ಬೇಳೆ, ರಾಗಿಹಿಟ್ಟು ಕನ್ಸಾಸ್‌ನ ದೊಡ್ಡ ಪಟ್ಟಣ ವಿಚಿಟಾದಿಂದ ತಿಂಗಳಿಗೆ ಒಮ್ಮೆ. ಫ್ರೀಜರ್ ದೊಡ್ಡದು ತೊಗೊಳ್ಳಿ.

ಈಗ ಪಟ್ಟಿಯ ವಿಷಯ. ಮೊದಲು, ಆ ಮೂವರನ್ನು ಹುಡುಕಿಕೊಂಡು ಹೋಗಬೇಡಿ. 2020ರ ಸೆನ್ಸಸ್‌ನಲ್ಲಿ ಸಣ್ಣ ಊರುಗಳ ಅಂಕಿಗಳನ್ನು ಬೇಕೆಂದೇ ಸ್ವಲ್ಪ ಆಚೆ ಈಚೆ ಮಾಡಿದ್ದಾರೆ. ಇಲ್ಲದಿದ್ದರೆ ಪಟ್ಟಿ ನೋಡಿದವರಿಗೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ ಅಲ್ವಾ? ಹಾಗಾಗಿ ಮೂರು ಎಂದಿದ್ದರೆ ಒಬ್ಬರೂ ಇಲ್ಲದೆ ಇರಬಹುದು, ಆರು ಜನ ಇರಲೂಬಹುದು. ಇನ್ನು ಮೊತ್ತ ನೂರು ದಾಟಿದ್ದಕ್ಕೆ ಕಾರಣ, ಹಿಸ್ಪ್ಯಾನಿಕ್ ಹೌದಾ ಅಲ್ಲವಾ ಎನ್ನುವುದು ಅಲ್ಲಿ ಬೇರೆ ಪ್ರಶ್ನೆ. ಒಬ್ಬರೇ ಬಿಳಿಯರೂ ಹೌದು, ಹಿಸ್ಪ್ಯಾನಿಕ್ಕೂ ಹೌದು ಎಂದು ಬರೆಯಬಹುದು. ನಮ್ಮ ಕಥೆ ಇನ್ನೂ ಚೆನ್ನಾಗಿದೆ. 1920ರಿಂದ 1940ರವರೆಗಿನ ಸೆನ್ಸಸ್‌ಗಳಲ್ಲಿ ನಮ್ಮ ಜನಾಂಗ "ಹಿಂದೂ". ಸಿಖ್ಖರೂ ಹಿಂದೂ, ಮುಸಲ್ಮಾನರೂ ಹಿಂದೂ. 1970ರಲ್ಲಿ ನಮ್ಮನ್ನು ಬಿಳಿಯರ ಜೊತೆ ಎಣಿಸಿದರು. 1980ರಲ್ಲಿ "ಏಷ್ಯನ್ ಇಂಡಿಯನ್" ಅಂತ ಬೇರೆ ಮನೆ ಕೊಟ್ಟರು. ಚರ್ಮ ಮಾತ್ರ ಅಷ್ಟೂ ಕಾಲ ಅದೇ.

ಆ 90ರೊಳಗೆ ಯಾರಿದ್ದಾರೆ ಅಂತ ತಿಳಿದುಕೊಂಡು ಬನ್ನಿ, ಉಪಯೋಗಕ್ಕೆ ಬರುತ್ತದೆ. ಆ ಕಡೆ ವೋಲ್ಗಾ ಜರ್ಮನರು ಜಾಸ್ತಿ. ಕ್ಯಾಥರೀನ್ ರಾಣಿ ಕರೆದಳೆಂದು ಜರ್ಮನಿಯಿಂದ ರಷ್ಯಾಕ್ಕೆ ಹೋಗಿ, ನೂರು ವರ್ಷ ವೋಲ್ಗಾ ನದಿಯ ದಡದಲ್ಲಿ ಗೋಧಿ ಬೆಳೆದವರು. ಆಮೇಲೆ ರಷ್ಯಾದವರು ಇವರ ಹುಡುಗರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದಾಗ ಗಂಟುಮೂಟೆ ಕಟ್ಟಿಕೊಂಡು ಬಂದರು. 1876ರಲ್ಲಿ ಎಲ್ಲಿಸ್ ಕೌಂಟಿಯಲ್ಲಿ ಹಳ್ಳಿಗಳನ್ನು ಕಟ್ಟಿದರು. ವಿಕ್ಟೋರಿಯಾ ಎಂಬ ಪುಟ್ಟ ಊರಲ್ಲಿ 1911ರಲ್ಲಿ ಅವರು ಮುಗಿಸಿದ ಕಲ್ಲಿನ ಚರ್ಚ್ ನೋಡಿದರೆ ನಿಮಗೆ ಆಶ್ಚರ್ಯವಾಗುತ್ತದೆ. ವಿಲ್ಸನ್‌ನಲ್ಲಿ ಚೆಕ್ ಮೂಲದವರು, ಲಿಂಡ್ಸ್‌ಬೋರ್ಗ್‌ನಲ್ಲಿ ಸ್ವೀಡನ್ನಿನವರು. ಅದೇ ಬಯಲಿನಲ್ಲಿ ನಿಕೋಡಿಮಸ್ ಅಂತ ಒಂದು ಊರಿದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕೆಂಟಕಿಯಿಂದ ಬಂದು 1877ರಲ್ಲಿ ಕಟ್ಟಿದ ಊರು. ಈಗ ಬೆರಳೆಣಿಕೆಯಷ್ಟು ಜನ ಉಳಿದಿದ್ದಾರೆ. ಆದರೂ ಜುಲೈ ಕೊನೆಗೆ ಎಲ್ಲೆಲ್ಲಿಂದಲೋ ಅವರ ಮಕ್ಕಳು, ಮರಿಮಕ್ಕಳು ಬಂದು ಸೇರುತ್ತಾರೆ. ಒಮ್ಮೆ ಹೋಗಿ ಬನ್ನಿ.

ನಿಮ್ಮನ್ನು ಮೊದಲು ಕೇಳುವುದು ಬಣ್ಣದ ಬಗ್ಗೆ ಅಲ್ಲ, "ಯಾವ ಚರ್ಚ್?" ಅಂತ. ನಮ್ಮ ಹಳ್ಳಿಗಳಲ್ಲಿ "ಯಾವ ಕೇರಿ" ಎಂದು ಕೇಳಿದ ಹಾಗೆ. ಕ್ಯಾಥೊಲಿಕ್ಕಾ, ಲೂಥರನ್ನಾ, ಮೆಥಡಿಸ್ಟಾ ಎಂದು ತಿಳಿದರೆ ಅವರಿಗೆ ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ಗೊತ್ತಾಗುತ್ತದೆ. ಕೆಟ್ಟ ಉದ್ದೇಶ ಇರಲ್ಲ. ನಗುತ್ತಾ ನಮ್ಮ ದೇವರ ಹೆಸರು ಹೇಳಿ, ಊಟಕ್ಕೆ ಕರೆದರೆ ಹೋಗಿ. ಸಾವಿನ ಮನೆಗೆ ತಪ್ಪದೆ ಹೋಗಿ. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಹಿಸ್ಪ್ಯಾನಿಕ್ ಜನರ ವಿಷಯಕ್ಕೆ ಬಂದರೆ, ಮೊದಲು ರೈಲು ಹಳಿ ಹಾಕಲು ಬಂದವರು, ಆಮೇಲೆ ದನದ ಮಾಂಸದ ಕಾರ್ಖಾನೆಗಳಿಗೆ. 1980ರಲ್ಲಿ ನೈಋತ್ಯ ಕನ್ಸಾಸ್‌ನ ಗಾರ್ಡನ್ ಸಿಟಿ ಪಕ್ಕದ ಹಾಲ್‌ಕಂಬ್‌ನಲ್ಲಿ ದೊಡ್ಡ ಕಾರ್ಖಾನೆ ಶುರುವಾದ ಮೇಲೆ ಆ ಮೂಲೆಯ ಚಿತ್ರವೇ ಬದಲಾಯಿತು. ವಿಯೆಟ್ನಾಮಿನವರು, ಸೊಮಾಲಿಯಾದವರು, ಬರ್ಮಾದವರು ಬಂದರು. ಡಾಡ್ಜ್ ಸಿಟಿ ಇರುವ ಫೋರ್ಡ್ ಕೌಂಟಿಯಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಹಿಸ್ಪ್ಯಾನಿಕ್ ಜನ. ನಿಮ್ಮ ಊರಿನ 14 ಅನ್ನುವುದನ್ನೂ ಹಾಗೇ ನಂಬಬೇಡಿ. ಆಸ್ಪತ್ರೆಯ ವೃದ್ಧರ ವಾರ್ಡಿನಲ್ಲಿ ಒಬ್ಬರೂ ಕಾಣಲ್ಲ, ಒಂದನೇ ಕ್ಲಾಸಿನಲ್ಲಿ ಸಾಲುಸಾಲಾಗಿ ಕೂತಿರುತ್ತಾರೆ. ನಿಮ್ಮ ಮಗಳ ಗೆಳತಿಯರು ಅಲ್ಲೇ ಸಿಗುತ್ತಾರೆ. ಸ್ಕೂಲ್ ಚೆನ್ನಾಗಿರುತ್ತದೆ, ಟೀಚರಿಗೆ ಪ್ರತಿ ಮಗುವೂ ಗೊತ್ತು. ಹೈಸ್ಕೂಲಿನ ಹೊತ್ತಿಗೆ ಬೇರೆ ಯೋಚನೆ ಮಾಡಿ.

ಇನ್ನು ಗಂಡನ ಕೆಲಸ. ಇದಕ್ಕೆ ನಾನು ಸ್ವಲ್ಪ ಉದ್ದ ಬರೆಯಬೇಕು.

ನಾವು ತಿಪಟೂರಿನವರು. 90ರ ದಶಕದ ಕೊನೆಯಲ್ಲಿ ಇದೇ ವೇವರ್ ಮೇಲೆ ಇಂಥದ್ದೇ ಊರಿಗೆ ಬಂದೆವು. ನನಗೆ ಮೊದಲ ವಾರದಿಂದಲೇ ರಾಜಮರ್ಯಾದೆ. ರೋಗಿಗಳು ಜೋಳದ ತೆನೆ, ಪೈ, ಹೊಲಿದ ಕೌದಿ ತಂದುಕೊಟ್ಟರು. ರಸ್ತೆಯಲ್ಲಿ ಎದುರು ಬರುವ ಪಿಕಪ್‌ನವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಅದೇ ಅಲ್ಲಿನ ನಮಸ್ಕಾರ. ಸತ್ಯ ಹೇಳುತ್ತೇನೆ, ಆ ಊರಿನ ಮೂರು ತಲೆಮಾರಿನ ನಾಡಿ ಹಿಡಿದಿದ್ದೇನೆ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ನಮ್ಮ ಯಜಮಾನರು ಇಂಜಿನಿಯರ್. ಬೆಂಗಳೂರಲ್ಲಿ ಒಳ್ಳೆಯ ನೌಕರಿ ಬಿಟ್ಟು ಬಂದಿದ್ದರು. ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ಆಗ ಕೆಲಸ ಮಾಡುವ ಹಾಗೇ ಇರಲಿಲ್ಲ. ನನಗೆ ಬಿಳಿ ಕೋಟಿತ್ತು. ಅವರಿಗೆ ಬಣ್ಣ ಮಾತ್ರ. ಅಂಗಡಿಯಲ್ಲಿ ಅವರ ಹತ್ತಿರ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಿದ್ದರು. ಯಾವ ಫೀಡ್‌ಲಾಟ್‌ನಲ್ಲಿ (ಮಾಂಸಕ್ಕಾಗಿ ದನ ಕೊಬ್ಬಿಸುವ ದೊಡ್ಡಿ) ಕೆಲಸ ಅಂತ ಕೇಳುತ್ತಿದ್ದರು. ಒಂದು ಸಂಜೆ ಹೆದ್ದಾರಿಯಲ್ಲಿ ಪೊಲೀಸ್ ಒಬ್ಬ ಕಾರು ನಿಲ್ಲಿಸಿ, ಲೈಸೆನ್ಸ್ ನೋಡಿದ ಮೇಲೂ ಇನ್ನೇನೇನೋ ಕಾಗದ ಕೇಳಿದ. "ನನ್ನ ಹೆಂಡತಿ ಆಸ್ಪತ್ರೆಯ ಡಾಕ್ಟರ್" ಎಂದ ಕೂಡಲೇ ಧ್ವನಿ ಮೆತ್ತಗಾಯಿತಂತೆ. ನಿಲ್ಲಿಸಿದ್ದಕ್ಕಿಂತ ಆ ಮೆತ್ತಗಾದದ್ದೇ ಅವರಿಗೆ ಹೆಚ್ಚು ಚುಚ್ಚಿತು. ಆ ಹೊತ್ತಿನಲ್ಲಿ ಅದೇ ರಸ್ತೆಯಲ್ಲಿ ಡಾಕ್ಟರ್ ಹೆಂಡತಿ ಇಲ್ಲದವನ ಗತಿ ಏನು ಅಂತ ಯೋಚಿಸುತ್ತಾ ಮನೆಗೆ ಬಂದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ನಾನು ಡ್ಯೂಟಿ ಮುಗಿಸಿ ಬಂದು "ಎಷ್ಟು ಒಳ್ಳೆ ಜನ ಅಲ್ವಾ" ಎನ್ನುತ್ತಿದ್ದೆ. ಅವರು "ಹೂಂ" ಎನ್ನುತ್ತಿದ್ದರು.

ಗ್ರೀನ್ ಕಾರ್ಡ್ ಬಂದ ಮೇಲೆ ಅವರಿಗೆ ವಿಚಿಟಾದಲ್ಲಿ ಕೆಲಸ ಸಿಕ್ಕಿತು, ಅವರು ಓದಿದ್ದಕ್ಕೆ ಎರಡು ಮೆಟ್ಟಿಲು ಕೆಳಗಿನದು. ವಾರವೆಲ್ಲ ಅಲ್ಲಿ, ಶನಿವಾರ ಮನೆಗೆ. ಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ, ಹೇಳಿ.

2016ರಲ್ಲಿ ಗಾರ್ಡನ್ ಸಿಟಿಯ ಸೊಮಾಲಿಯಾದವರ ಮನೆಗಳಿಗೆ ಬಾಂಬ್ ಇಡಲು ಸಂಚು ಮಾಡಿದವರು ಸಿಕ್ಕಿಬಿದ್ದರು. 2017ರಲ್ಲಿ ಕನ್ಸಾಸ್‌ನದೇ ಒಲೇಥಾ ಪಟ್ಟಣದ ಬಾರ್‌ನಲ್ಲಿ ನಮ್ಮ ದೇಶದ ಹುಡುಗನನ್ನು ಗುಂಡು ಹೊಡೆದು ಕೊಂದರು. ಶಿವಮೊಗ್ಗದಿಂದ ನಿಮ್ಮ ತಂದೆತಾಯಿ ಕೇಳುವುದು ಇದನ್ನೇ. ಆ ಹುಡುಗನ ಜೊತೆಗಿದ್ದ ಗೆಳೆಯನಿಗೂ ಗುಂಡು ತಗಲಿತು. ಹೊಡೆದವನನ್ನು ಹಿಡಿಯಲು ಹೋದ ಬಿಳಿಯನಿಗೂ ತಗಲಿತು. ಇಬ್ಬರೂ ಉಳಿದುಕೊಂಡರು. ಈ ಭಾಗವನ್ನೂ ಅವರಿಗೆ ಹೇಳಿ. ಭಯ ಪೂರ್ತಿ ಹೋಗಲ್ಲ.

ನಿಯಮ ಈಗ ಸ್ವಲ್ಪ ಸಡಿಲ. 2015ರಿಂದ, ನಿಮ್ಮ ಗ್ರೀನ್ ಕಾರ್ಡಿನ ಐ-140 (ಕೆಲಸ ಕೊಟ್ಟವರು ನಿಮ್ಮ ಪರವಾಗಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಎಚ್-4ನವರು ಕೆಲಸದ ಪರವಾನಗಿ ಕೇಳಬಹುದು. ಆ ಐ-140 ಅರ್ಜಿ ಯಾವಾಗ ಹಾಕುತ್ತೀರಿ ಅಂತ ಆಸ್ಪತ್ರೆಯವರನ್ನು ಈಗಲೇ ಕೇಳಿ, ಕಾಂಟ್ರ್ಯಾಕ್ಟ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಒಪ್ಪಬೇಡಿ. ಒಪ್ಪಂದ ಮೂರು ವರ್ಷದ್ದು, ನಡುವೆ ಬಿಟ್ಟು ಬರುವುದು ಸುಲಭ ಅಲ್ಲ. ಹೇಸ್ ಹತ್ತಿರವಾದರೆ ಅಲ್ಲೇ ಮನೆ ಮಾಡಿ, ಯೂನಿವರ್ಸಿಟಿ ಇರುವ ಊರು. ಓಡಾಟ ನಿಮಗೆ ಬೀಳಲಿ, ಪರವಾಗಿಲ್ಲ.

ಆಸ್ಪತ್ರೆಯವರು ಊರು ನೋಡಲು ಕರೆದಾಗ ನಿಮ್ಮ ಗಂಡನನ್ನೂ ಕರೆದುಕೊಂಡು ಹೋಗಿ. ನಿಮಗೆ ಆಸ್ಪತ್ರೆ ತೋರಿಸುತ್ತಿರುವ ಹೊತ್ತಿಗೆ ಅವರು ಒಬ್ಬರೇ ಅಂಗಡಿಗೆ, ಗ್ಯಾಸ್ ಸ್ಟೇಷನ್ನಿಗೆ, ಕಾಫಿ ಕುಡಿಯುವ ಕಡೆಗೆ ಹೋಗಿ ಬರಲಿ. ಡಾಕ್ಟರ ಗಂಡ ಅಂತ ಯಾರಿಗೂ ಹೇಳುವುದು ಬೇಡ. ರಾತ್ರಿ ಅವರು ಏನು ಹೇಳುತ್ತಾರೋ ಕೇಳಿಸಿಕೊಂಡು ಆಮೇಲೆ ಸಹಿ ಹಾಕಿ.